ಗ್ಲೆನ್‌ಕೊಲಂಕಿಲ್: ಬರಿದಾಗಲೊಲ್ಲದ ಒಂದು ಐರಿಷ್ ಮಾಗಣೆ

ಐರ್ಲೆಂಡ್ ದ್ವೀಪದ ಭೂಪಟವನ್ನು ಬಿಡಿಸಿ ನೋಡಿದರೆ, ಅದರ ವಾಯವ್ಯ ಭಾಗದಲ್ಲಿ ಡನಿಗಾಲ್ ಎಂಬ ವಿಶಾಲವಾದ ಜಿಲ್ಲೆಯೊಂದು ಕಾಣಿಸುತ್ತದೆ. ಆ ಜಿಲ್ಲೆಯ ನೈಋತ್ಯದ ತುದಿ ಅಟ್ಲಾಂಟಿಕ್ ಸಾಗರದೊಳಕ್ಕೆ ಚಾಚಿಕೊಂಡಿದೆ. ಅದರಾಚೆ ಅಮೆರಿಕದವರೆಗೂ ನೀರೇ ನೀರು. ಈ ತುದಿಯಲ್ಲಿ, ಮೂರು ಕಡೆ ಬೆಟ್ಟಗಳೂ ಒಂದು ಕಡೆ ಕಡಲೂ ಕಾವಲಿರುವ ಕಣಿವೆಯೊಂದಿದೆ. ಅದರ ಹೆಸರು ಗ್ಲೆನ್‌ಕೊಲಂಕಿಲ್. ‘ಕೊಲಮ್ ಕಿಲ್ಲೆಯ ಕಣಿವೆ’ ಎಂದು ಅದರ ಅರ್ಥ. ಕೊಲಮ್ ಕಿಲ್ಲೆ ಎಂದರೆ ‘ಇಗರ್ಜಿಯ ಪಾರಿವಾಳ’, ಕ್ರಿ.ಶ. ಆರನೆಯ ಶತಮಾನದಲ್ಲಿ ಇದೇ ಡನಿಗಾಲ್ ಸೀಮೆಯಲ್ಲಿ ಹುಟ್ಟಿ, ೫೬೩ರಲ್ಲಿ ಕಡಲು ದಾಟಿ ಸ್ಕಾಟ್ಲೆಂಡಿನ ಅಯೋನಾ ದ್ವೀಪದಲ್ಲಿ ಮಠವನ್ನು ಸ್ಥಾಪಿಸಿ, ೫೯೭ರಲ್ಲಿ ಅಲ್ಲಿಯೇ ಕಾಲವಾದ ಸಂತನ ಹೆಸರದು.

ಈ ಕಣಿವೆ ಮತ್ತು ಅದರ ಸುತ್ತಲಿನ ಹಳ್ಳಿಗಳು ಸೇರಿ ಒಂದು ಪ್ಯಾರಿಷ್. ಒಂದು ಇಗರ್ಜಿಯ ವ್ಯಾಪ್ತಿಗೆ ಸೇರಿದ ಊರುಗಳ ಕೂಟಕ್ಕೆ ಅಲ್ಲಿ ಪ್ಯಾರಿಷ್ ಎನ್ನುತ್ತಾರೆ. ನಮ್ಮ ಕರಾವಳಿಯ ಹಿರಿಯರಿಗೆ ‘ಮಾಗಣೆ’ ಎಂದರೆ ಇದು ಸುಲಭವಾಗಿ ಮನವರಿಕೆಯಾದೀತು. ಒಂದು ದೇವಸ್ಥಾನದ ಸುತ್ತ ಹಲವು ಗ್ರಾಮಗಳು ಕೂಡಿಕೊಂಡು, ಉತ್ಸವಕ್ಕೂ ಕಷ್ಟಕ್ಕೂ ಒಂದಾಗುವಂತೆ ಅಲ್ಲಿಯೂ ಇಗರ್ಜಿಯ ಸುತ್ತ ಊರುಗಳು ಒಂದಾದುವು. ಆದುದರಿಂದ ಈ ಲೇಖನದಲ್ಲಿ ‘ಮಾಗಣೆ’ ಎಂಬ ನಮ್ಮ ಮಾತನ್ನೇ ಬಳಸಿಕೊಳ್ಳುತ್ತೇವೆ.

ಮಣ್ಣು ಬಡವಾದ, ಮಳೆ ಬಿಡದ, ಪೇಟೆಗೆ ದೂರವಾದ ಈ ಮೂಲೆಯ ಮಾಗಣೆ ಯಾವಾಗಲೋ ಬರಿದಾಗಿ ಹೋಗಬೇಕಾಗಿತ್ತು. ಹೋಗಲಿಲ್ಲ. ಹೇಗೆ ಉಳಿಯಿತು, ಎಷ್ಟು ಉಳಿಯಿತು ಎಂಬುದೇ ಇಲ್ಲಿ ಹೇಳಹೊರಟಿರುವ ವಿಷಯ.

ನೆಲದ ಮೇಲೆ ಬರೆದ ಚರಿತ್ರೆ

ಕಣಿವೆಯ ದಕ್ಷಿಣಕ್ಕೆ ಸ್ಲೀವ್ ಲೀಗ್ ಎಂಬ ಪರ್ವತ ಸುಮಾರು ೬೦೦ ಮೀಟರು ಎತ್ತರದಿಂದ ಕಡಲಿಗೆ ನೇರವಾಗಿ ಇಳಿಯುತ್ತದೆ. ಯುರೋಪಿನ ಅತ್ಯಂತ ಎತ್ತರದ ಕಡಲ ಕಡಿದುಗಳಲ್ಲಿ ಅದೂ ಒಂದು. ಬೆಟ್ಟದ ಮೇಲೆಲ್ಲ ಪೀಟ್ ಎಂಬ ಕಪ್ಪು ನೆಲ. ಸಾವಿರಾರು ವರ್ಷಗಳಿಂದ ನೀರಿನಲ್ಲಿ ಅರೆಕೊಳೆತು ಹುದುಗಿದ ಪಾಚಿ ಮತ್ತು ಹುಲ್ಲಿನ ಪದರವದು. ಅದನ್ನು ಇಟ್ಟಿಗೆಯಂತೆ ಕತ್ತರಿಸಿ ಬಿಸಿಲಿಗೊಡ್ಡಿ ಒಣಗಿಸಿದರೆ ಸೌದೆಗೆ ಬದಲಾಗಿ ಉರಿಯುತ್ತದೆ. ಮರ ವಿರಳವಾದ ಆ ಸೀಮೆಯಲ್ಲಿ ಮನೆಮನೆಯ ಒಲೆ ಉರಿದದ್ದು ಇದರಿಂದಲೇ. ಉಳುಮೆಗೆ ದಕ್ಕುವುದು ಕಣಿವೆಯ ತಳ ಮತ್ತು ಕಡಲ ಬದಿಯ ಸ್ವಲ್ಪ ನೆಲ ಮಾತ್ರ. ಅದರಲ್ಲಿ ಆಲೂಗಡ್ಡೆ, ಓಟ್ಸ್, ಬೆಟ್ಟದಲ್ಲಿ ಕುರಿ, ಕಡಲಲ್ಲಿ ಮೀನು. ಬದುಕಿನ ಆಧಾರಗಳು ಇಷ್ಟೇ.

ಆದರೂ ಮನುಷ್ಯ ಇಲ್ಲಿಗೆ ಬಂದು ನೆಲಸಿದ್ದು ಬಹಳ ಹಿಂದೆ. ಮಾಲಿನ್‌ಮೋರ್ ಎಂಬ ಹಳ್ಳಿಯ ಬಳಿ ಭಾರಿ ಕಲ್ಲುಗಳನ್ನು ನಿಲ್ಲಿಸಿ ಕಟ್ಟಿದ ಶಿಲಾಸಮಾಧಿಗಳಿವೆ. ಇವು ಕ್ರಿಸ್ತಪೂರ್ವ ನಾಲ್ಕನೆಯ ಸಹಸ್ರಮಾನದ ಮೊದಲ ಬೇಸಾಯಗಾರರ ಕೃತಿಗಳೆಂದು ಪುರಾತತ್ತ್ವಜ್ಞರು ಹೇಳುತ್ತಾರೆ. ಅವುಗಳ ಪಕ್ಕದಲ್ಲೇ ಕ್ರೈಸ್ತಯುಗದ ಆರಂಭದ ಶತಮಾನಗಳಲ್ಲಿ ಕೆತ್ತಿದ ಶಿಲುಬೆಯ ಕಲ್ಲುಗಳು. ಅವುಗಳಾಚೆ, ನೆಪೋಲಿಯನ್ನನ ದಂಡು ಕಡಲ ಮೇಲೆ ಬಂದೀತೆಂಬ ಭಯದಿಂದ ೧೯ನೆಯ ಶತಮಾನದ ಆರಂಭದಲ್ಲಿ ಆಂಗ್ಲರು ಕಟ್ಟಿಸಿದ ಕಾವಲು ಗೋಪುರಗಳು. ಒಂದೇ ದಿನದ ನಡಿಗೆಯಲ್ಲಿ ಐದು ಸಾವಿರ ವರ್ಷಗಳನ್ನು ದಾಟಿಬಿಡಬಹುದು.

ಐರ್ಲೆಂಡಿನಲ್ಲಿ ಮಾಗಣೆಗಳ ಎಲ್ಲೆಗಳು ಸ್ಪಷ್ಟವಾದದ್ದು ೧೨ನೆಯ ಶತಮಾನದಲ್ಲಿ ಇಗರ್ಜಿಯ ಆಡಳಿತ ಸುಧಾರಣೆಯಾದ ಮೇಲೆ. ೧೧೧೧ ಮತ್ತು ೧೧೫೨ರ ಧರ್ಮಸಭೆಗಳು ದೇಶವನ್ನು ಬಿಷಪ್ಪರ ಪ್ರಾಂತಗಳಾಗಿ ವಿಂಗಡಿಸಿದುವು. ಆ ಬಳಿಕ ಪ್ರಾಂತಗಳೊಳಗೆ ಮಾಗಣೆಗಳು ರೂಪುಗೊಂಡುವು. ಮುಂದೆ ಆಂಗ್ಲರ ಆಳ್ವಿಕೆಯಲ್ಲಿ ಹಳೆಯ ಇಗರ್ಜಿಗಳು ಪ್ರಾಟೆಸ್ಟೆಂಟ್ ಮತದವರ ಕೈಸೇರಿದರೂ, ಜನಸಾಮಾನ್ಯರಲ್ಲಿ ಹೆಚ್ಚಿನವರು ಕೆಥೊಲಿಕರಾಗಿಯೇ ಉಳಿದರು. ಹೀಗಾಗಿ ಸರಕಾರದ ದಾಖಲೆಯ ಮಾಗಣೆ ಒಂದು, ಜನರು ನಡೆದುಕೊಳ್ಳುವ ಮಾಗಣೆ ಇನ್ನೊಂದು ಎಂಬಂತಾಯಿತು.

ಮಾಗಣೆಯೊಳಗೆ ಇನ್ನೂ ಚಿಕ್ಕದಾದ ಘಟಕವೊಂದಿದೆ. ಅದಕ್ಕೆ ಟೌನ್‌ಲ್ಯಾಂಡ್ ಎಂದು ಹೆಸರು. ‘ಟೌನ್’ ಎಂದಿದ್ದರೂ ಅದು ಪಟ್ಟಣವಲ್ಲ. ಕೆಲವು ಮನೆ, ಹೊಲ, ಗುಡ್ಡಗಳನ್ನೊಳಗೊಂಡ ತುಂಡು ನೆಲ. ಇಡೀ ಐರ್ಲೆಂಡಿನಲ್ಲಿ ಇಂತಹವು ೬೦ ಸಾವಿರಕ್ಕೂ ಹೆಚ್ಚು. ಪ್ರತಿಯೊಂದಕ್ಕೂ ಹೆಸರಿದೆ, ಆ ಹೆಸರಿನಲ್ಲಿ ನೆಲದ ಗುಣವೇ ಅಡಗಿದೆ. ‘ಕ್ಯಾರಿಕ್’ ಎಂದರೆ ಬಂಡೆ. ‘ಕ್ಯಾಶೆಲ್’ ಎಂದರೆ ಕಲ್ಲಿನ ಕೋಟೆ. ‘ಮೀನ್’ ಎಂದು ಆರಂಭವಾದರೆ ಬೆಟ್ಟದ ನಡುವಿನ ನುಣುಪಾದ ಹುಲ್ಲುನೆಲ. ಮೀನನಿಯರಿ ಎಂಬುದು ಕುರಿಕಾಯುವವನ ಹುಲ್ಲುನೆಲ. ನಮ್ಮ ಪದವು, ಬೈಲು, ಮಜಲು, ಕಲ್ಲುಗಳಿಂದ ಕೂಡಿದ ಊರ ಹೆಸರುಗಳು ಹೇಗೋ ಇವೂ ಹಾಗೆಯೇ.

೧೮೨೪ರಲ್ಲಿ ಆಂಗ್ಲ ಸರಕಾರ ಇಡೀ ದ್ವೀಪದ ಅಳತೆಗೆ ಆರಂಭಿಸಿತು. ಮೈಲಿಗೆ ಆರು ಇಂಚಿನ ಪ್ರಮಾಣದಲ್ಲಿ ನಕ್ಷೆಗಳು ಸಿದ್ಧವಾದುವು. ಐರಿಷ್ ಹೆಸರುಗಳನ್ನು ಇಂಗ್ಲಿಷ್ ಕಿವಿಗೆ ಕೇಳಿಸಿದಂತೆ ಬರೆದುಕೊಂಡದ್ದರಿಂದ ಅವುಗಳ ಅರ್ಥ ನಕ್ಷೆಯಿಂದ ಮರೆಯಾಯಿತು. ಆದರೆ ಅದೇ ಇಲಾಖೆಯಲ್ಲಿದ್ದ ಜಾನ್ ಓ’ಡೊನವನ್ ಎಂಬ ವಿದ್ವಾಂಸರು ಊರೂರು ತಿರುಗಿ, ಹಿರಿಯರನ್ನು ಕೇಳಿ, ಹೆಸರುಗಳ ಮೂಲರೂಪವನ್ನು ದಾಖಲಿಸಿದರು. ೧೮೩೫ರಲ್ಲಿ ಅವರು ಡನಿಗಾಲಿನಿಂದ ಬರೆದ ಪತ್ರಗಳು ಇಂದಿಗೂ ಆಕರಗಳಾಗಿವೆ. ಹೆಸರನ್ನು ಕೆಡಿಸಿದ ಕಚೇರಿಯೇ ಅದನ್ನು ಉಳಿಸುವ ಸಾಧನವೂ ಆಯಿತೆಂಬುದು ವಿಚಿತ್ರವಾದರೂ ನಿಜ.

ಬರಿಗಾಲಿನ ಪ್ರದಕ್ಷಿಣೆ

ಈ ಮಾಗಣೆಯನ್ನು ಒಂದಾಗಿ ಹಿಡಿದಿಟ್ಟ ಸಂಗತಿಗಳಲ್ಲಿ ‘ತುರಸ್’ ಮೊದಲನೆಯದು. ತುರಸ್ ಎಂದರೆ ಯಾತ್ರೆ. ಪ್ರತಿ ವರ್ಷ ಜೂನ್ ೯ರಂದು, ಸಂತನ ದಿನ, ಜನರು ಕಣಿವೆಯ ಸುತ್ತ ಐದು ಕಿಲೋಮೀಟರಿನಷ್ಟು ದಾರಿಯನ್ನು ನಡೆಯುತ್ತಾರೆ, ಹಲವರು ಬರಿಗಾಲಿನಲ್ಲಿ. ದಾರಿಯಲ್ಲಿ ೧೫ ನಿಲುಗಡೆಗಳು. ಕೆಲವೆಡೆ ಕೆತ್ತನೆಯ ಶಿಲುಬೆಗಲ್ಲು, ಕೆಲವೆಡೆ ಬರಿಯ ಕಲ್ಲುಗುಪ್ಪೆ. ಒಂದೊಂದರಲ್ಲೂ ಪ್ರದಕ್ಷಿಣೆ, ಪ್ರಾರ್ಥನೆ. ಸಂತನ ಬಾವಿಗೆ ಏರುವಾಗ ಪ್ರತಿಯೊಬ್ಬರೂ ಕಲ್ಲುಗಳನ್ನು ಎತ್ತಿಕೊಂಡು ಹೋಗಿ ಅಲ್ಲಿ ಹಾಕುತ್ತಾರೆ. ತಲೆತಲಾಂತರದಿಂದ ಹೀಗೆ ಹಾಕಿದ ಕಲ್ಲು ಇಂದು ಬಾವಿಯ ಸುತ್ತ ದೊಡ್ಡ ದಿಬ್ಬವಾಗಿದೆ. ಇನ್ನೊಂದೆಡೆ ತೂತಿರುವ ಕಲ್ಲೊಂದಿದೆ. ನಿರ್ಮಲ ಮನಸ್ಸಿನಿಂದ ಅದರೊಳಗೆ ನೋಡಿದವರಿಗೆ ಸ್ವರ್ಗ ಕಾಣಿಸುತ್ತದೆಂದು ನಂಬಿಕೆ.

ಐತಿಹ್ಯವೂ ಉಂಟು. ಸಂತ ಪ್ಯಾಟ್ರಿಕ್ ಓಡಿಸಿದ ಭೂತಗಳು ಈ ಕಣಿವೆಗೆ ಬಂದು ಮಂಜು ಕವಿಸಿ ಕುಳಿತಿದ್ದುವಂತೆ. ಕೊಲಮ್ ಕಿಲ್ಲೆ ಅವುಗಳನ್ನು ಕಡಲಿಗೆ ಅಟ್ಟಿ ನೆಲವನ್ನು ಜನರಿಗೆ ಬಿಡಿಸಿಕೊಟ್ಟನಂತೆ. ಐತಿಹ್ಯವನ್ನು ನಂಬುವುದೂ ಬಿಡುವುದೂ ಬೇರೆ ಮಾತು. ಊರಿನ ಎಲ್ಲ ಮೂಲೆಗಳನ್ನೂ ವರ್ಷಕ್ಕೊಮ್ಮೆ ಕಾಲಿನಿಂದ ಮುಟ್ಟಿ ಬರುವ ಜನ ಊರಿನ ಎಲ್ಲೆಯನ್ನು ಮರೆಯುವುದಿಲ್ಲ. ನಕ್ಷೆಯಿಲ್ಲದ ಕಾಲದಲ್ಲಿ ಈ ಪ್ರದಕ್ಷಿಣೆಯೇ ನಕ್ಷೆಯಾಗಿತ್ತು.

ಎರಡನೆಯ ಬಂಧ ದುಡಿಮೆಯದು. ಪೀಟ್ ಕತ್ತರಿಸುವಾಗ, ಕೊಯ್ಲಿನ ಹೊತ್ತಿನಲ್ಲಿ, ನೆರೆಯವರೆಲ್ಲ ಒಬ್ಬರ ಹೊಲಕ್ಕೆ ಸೇರುವರು. ಮರುದಿನ ಮತ್ತೊಬ್ಬರ ಹೊಲಕ್ಕೆ. ಕೂಲಿಯಿಲ್ಲ, ಊಟವುಂಟು. ಐರಿಷಿನಲ್ಲಿ ಇದಕ್ಕೆ ‘ಮೆಹಲ್’ ಎಂದು ಹೆಸರು. ನಮ್ಮಲ್ಲಿ ಹಿಂದೆ ಇದ್ದ ‘ಮುಯ್ಯಾಳು’ ಪದ್ಧತಿಯೂ ಇದೇ ಅಲ್ಲವೆ? ಮೂರನೆಯದು ಚಳಿಗಾಲದ ಇರುಳುಗಳ ಮಾತುಕತೆ. ಯಾವುದಾದರೊಂದು ಮನೆಯ ಒಲೆಯ ಸುತ್ತ ನೆರೆಕರೆಯವರು ಕೂಡಿ ಕತೆ, ಹಾಡು, ಪಿಟೀಲುಗಳಲ್ಲಿ ಹೊತ್ತು ಕಳೆಯುವರು.

ಆ ಕತೆಗಳು ಕಳೆದುಹೋಗಲಿಲ್ಲ. ಇದೇ ಮಾಗಣೆಯ ಟೀಲಿನ್ ಎಂಬ ಕಡಲೂರಿನ ಮೀನುಗಾರ ತರುಣ ಶಾನ್ ಓ ಹ್ಯೋಹಿ ಅವರನ್ನು ೧೯೩೫ರಲ್ಲಿ ಐರಿಷ್ ಜಾನಪದ ಆಯೋಗ ಪೂರ್ಣಕಾಲದ ಸಂಗ್ರಾಹಕರನ್ನಾಗಿ ನೇಮಿಸಿತು. ಅವರು ದಶಕಗಳ ಕಾಲ ಡನಿಗಾಲಿನ ಮನೆಮನೆಗೆ ಹೋಗಿ ಕೇಳಿ ಬರೆದುಕೊಂಡರು. ಹೊರಗಿನ ಪಂಡಿತರು ಬಂದು ಕೇಳಿದ್ದರೆ ಹಿರಿಯರು ಅಷ್ಟು ಬಾಯಿಬಿಡುತ್ತಿದ್ದರೋ ಇಲ್ಲವೋ! ತಮ್ಮವನೇ ಬಂದು ತಮ್ಮ ಮಾತಿನಲ್ಲೇ ಕೇಳಿದುದರಿಂದ ಹೇಳಿದರು.

ಹಸಿವು, ಗುಳೆ, ಗಡಿ

ಇಷ್ಟೆಲ್ಲ ಬಂಧಗಳಿದ್ದರೂ ಹೊಟ್ಟೆಯ ಪ್ರಶ್ನೆ ಬಗೆಹರಿಯಲಿಲ್ಲ. ೧೮೪೫ರಲ್ಲಿ ಆಲೂಗಡ್ಡೆಯ ಬೆಳೆಗೆ ಬೂಷ್ಟಿನ ರೋಗ ತಗಲಿತು. ಬಡವರ ಊಟವೆಲ್ಲ ಅದೊಂದೇ ಗೆಡ್ಡೆಯನ್ನು ನಂಬಿತ್ತು. ಮುಂದಿನ ಕೆಲವು ವರ್ಷಗಳಲ್ಲಿ ಐರ್ಲೆಂಡಿನಲ್ಲಿ ಸುಮಾರು ಹತ್ತು ಲಕ್ಷ ಜನ ಸತ್ತರು. ಅಷ್ಟೇ ಜನ ಹಡಗು ಹತ್ತಿದರು. ೧೮೪೧ರಲ್ಲಿ ೮೦ ಲಕ್ಷವನ್ನು ಮೀರಿದ್ದ ಜನಸಂಖ್ಯೆ ೧೮೫೧ರ ವೇಳೆಗೆ ಸುಮಾರು ೬೫ ಲಕ್ಷಕ್ಕೆ ಇಳಿದಿತ್ತು. ಆ ಬಳಿಕ ವಲಸೆ ಎಂಬುದು ನಿಲ್ಲದ ಹೊಳೆಯಾಯಿತು.

ಪಶ್ಚಿಮ ಡನಿಗಾಲಿನ ಮನೆಗಳಲ್ಲಿ ಇದರ ಇನ್ನೊಂದು ರೂಪವೂ ಇತ್ತು. ಮೇ ಮತ್ತು ನವೆಂಬರ್ ತಿಂಗಳುಗಳಲ್ಲಿ ಲೆಟರ್‌ಕೆನಿ, ಸ್ಟ್ರಬೇನ್ ಮೊದಲಾದ ಪಟ್ಟಣಗಳಲ್ಲಿ ಆಳುಗಳ ಸಂತೆ ನಡೆಯುತ್ತಿತ್ತು. ಹತ್ತು ಹನ್ನೆರಡು ವರ್ಷದ ಮಕ್ಕಳೂ ಅಲ್ಲಿ ಸಾಲಾಗಿ ನಿಲ್ಲುತ್ತಿದ್ದರು. ಪೂರ್ವದ ಫಲವತ್ತಾದ ಬಯಲಿನ ಒಕ್ಕಲುಗಳು ಬಂದು ನೋಡಿ, ಮಾತಾಡಿ, ಆರು ತಿಂಗಳಿಗೆ ಕೂಲಿ ಗೊತ್ತುಮಾಡಿ ಕರೆದೊಯ್ಯುತ್ತಿದ್ದರು. ಮನೆಯಲ್ಲಿ ಐರಿಷ್ ಬಿಟ್ಟು ಬೇರೆ ಮಾತು ಅರಿಯದ ಮಗು, ಇಂಗ್ಲಿಷ್ ಆಡುವ ಯಜಮಾನನ ಕೊಟ್ಟಿಗೆಯಲ್ಲಿ ಆ ಭಾಷೆಯನ್ನು ಕಲಿಯುತ್ತಿತ್ತು. ದೊಡ್ಡವರಾದವರು ಆಲೂಗಡ್ಡೆ ಅಗೆಯಲು ಸ್ಕಾಟ್ಲೆಂಡಿಗೆ ಹೋಗುತ್ತಿದ್ದರು. ೧೮೩೧ರಿಂದ ಆರಂಭವಾದ ಸರಕಾರಿ ಶಾಲೆಗಳಲ್ಲಿಯೂ ಇಂಗ್ಲಿಷೇ ಮಾಧ್ಯಮ. ಐರಿಷ್ ಆಡಿದರೆ ಅನ್ನವಿಲ್ಲ ಎಂಬ ಭಾವನೆ ತಾಯಿತಂದೆಯರಲ್ಲೇ ಬೇರೂರಿತು. ಭಾಷೆ ಸೋತದ್ದು ಮೊದಲು ಸಂತೆಯಲ್ಲಿ, ಬಳಿಕ ಮನೆಯಲ್ಲಿ.

ಇದಕ್ಕೆ ಸೇರಿ ಗಡಿಯ ಕಷ್ಟ ಬಂತು. ೧೯೨೧ರಲ್ಲಿ ಐರ್ಲೆಂಡ್ ಇಬ್ಭಾಗವಾಯಿತು. ಡನಿಗಾಲ್ ಸ್ವತಂತ್ರವಾದ ಭಾಗಕ್ಕೆ ಸೇರಿತು. ಅದರ ವ್ಯಾಪಾರದ ಕೇಂದ್ರವಾಗಿದ್ದ ಡೆರಿ ಪಟ್ಟಣ ಬ್ರಿಟನ್ನಿನ ಆಡಳಿತದಲ್ಲೇ ಉಳಿದ ಉತ್ತರ ಐರ್ಲೆಂಡಿಗೆ ಹೋಯಿತು. ಆಳುಗಳ ಸಂತೆಯ ಸ್ಟ್ರಬೇನ್ ಕೂಡ ಗಡಿಯಾಚೆಯದಾಯಿತು. ತನ್ನ ದೇಶದ ಉಳಿದ ಭಾಗಕ್ಕೂ ಡನಿಗಾಲಿಗೂ ಇರುವ ನೆಲದ ಸಂಪರ್ಕ ಲೀಟ್ರಿಮ್ ಜಿಲ್ಲೆಯೊಡನೆ ಇರುವ ಕಿರಿದಾದ ಪಟ್ಟಿಯೊಂದೇ. ರಾಜಧಾನಿಗೆ ದೂರ, ಹಳೆಯ ಪೇಟೆಗೆ ಗಡಿ ಅಡ್ಡ ಎಂಬ ಈ ಸ್ಥಿತಿ ನಮ್ಮ ಓದುಗರಿಗೆ ವಿವರಿಸಿ ಹೇಳಬೇಕಾದುದಲ್ಲ.

ಪಾದ್ರಿಗಳು ಬಂದರು

೧೯೫೧ರಲ್ಲಿ ಫಾದರ್ ಜೇಮ್ಸ್ ಮ್ಯಾಕ್‌ಡಯರ್ ಎಂಬವರು ಗ್ಲೆನ್‌ಕೊಲಂಕಿಲ್‌ಗೆ ಕಿರಿಯ ಪಾದ್ರಿಗಳಾಗಿ ಬಂದರು. ೧೯೧೦ರಲ್ಲಿ ಡನಿಗಾಲಿನ ಗ್ಲೆಂಟೀಸಿನಲ್ಲಿ ಹುಟ್ಟಿದ ಅವರು, ಎರಡನೆಯ ಮಹಾಯುದ್ಧದ ಕಾಲದಲ್ಲಿ ಬ್ರಿಟನ್ನಿನಲ್ಲಿಯೂ ಬಳಿಕ ಟೋರಿ ಎಂಬ ಕಡಲ ನಡುವಿನ ದ್ವೀಪದಲ್ಲಿಯೂ ಸೇವೆ ಸಲ್ಲಿಸಿದ್ದರು. ಅವರು ಬಂದಾಗ ಕಣಿವೆಯಲ್ಲಿ ವಿದ್ಯುತ್ತಿರಲಿಲ್ಲ, ನಲ್ಲಿ ನೀರಿರಲಿಲ್ಲ, ಔಷಧಾಲಯವಿರಲಿಲ್ಲ, ಡಾಮರು ರಸ್ತೆಯಿರಲಿಲ್ಲ, ಉದ್ಯೋಗ ಕೊಡುವ ಒಂದು ಕಾರ್ಖಾನೆಯೂ ಇರಲಿಲ್ಲ. ಇದ್ದದ್ದು ಮನೆಗೆ ಬೀಗ ಹಾಕಿ ಹೊರಡುವವರ ಸಾಲು. ೧೯೫೧ರಿಂದ ೧೯೬೧ರವರೆಗಿನ ಹತ್ತು ವರ್ಷಗಳಲ್ಲಿ ಆ ಚಿಕ್ಕ ದೇಶ ವಲಸೆಯಿಂದ ಕಳೆದುಕೊಂಡವರೇ ನಾಲ್ಕು ಲಕ್ಷ.

ಮ್ಯಾಕ್‌ಡಯರ್ ಅವರು ಉಪದೇಶಕ್ಕಷ್ಟೇ ನಿಲ್ಲಲಿಲ್ಲ. ಮೊದಲು ಊರವರ ಶ್ರಮದಾನದಿಂದ ಸಮುದಾಯ ಭವನವನ್ನು ಕಟ್ಟಿಸಿದರು. ಹಿಂದೆ ಹೊಲದಲ್ಲಿ ಕೂಡುತ್ತಿದ್ದ ಮುಯ್ಯಾಳುಗಳೇ ಈಗ ಗಾರೆ ಹೊತ್ತರು. ಕೂಡಿ ದುಡಿದರೆ ಆಗುತ್ತದೆಂಬ ಧೈರ್ಯ ಬಂದ ಮೇಲೆ ನೀರು, ವಿದ್ಯುತ್ತು, ರಸ್ತೆಗಳಿಗಾಗಿ ಸರಕಾರದ ಬಾಗಿಲು ತಟ್ಟಿದರು. ಅವು ಒಂದೊಂದಾಗಿ ಬಂದುವು. ೧೯೬೦ರ ದಶಕದಲ್ಲಿ ಸಹಕಾರ ಸಂಘಗಳು ಹುಟ್ಟಿದುವು. ಐರಿಷ್ ಸಕ್ಕರೆ ಕಂಪೆನಿಯ ನೆರವಿನಿಂದ ತರಕಾರಿ ಸಂಸ್ಕರಣೆಯ ಘಟಕ, ಹೆಂಗಸರಿಗೆ ಉಣ್ಣೆಯ ಹೆಣಿಗೆ, ಪ್ರವಾಸಿಗಳಿಗೆಂದು ಬಾಡಿಗೆಯ ಮನೆಗಳು.

೧೯೬೭ರಲ್ಲಿ ತೆರೆದ ‘ಜಾನಪದ ಗ್ರಾಮ’ ಇವುಗಳಲ್ಲಿ ಹೆಚ್ಚು ಹೆಸರಾಯಿತು. ಕಡಲ ದಂಡೆಯ ಬಳಿ ಹುಲ್ಲು ಹೊದಿಸಿದ ಮನೆಗಳನ್ನು ಊರವರೇ ಕಟ್ಟಿದರು. ೧೮, ೧೯ ಮತ್ತು ೨೦ನೆಯ ಶತಮಾನಗಳಲ್ಲಿ ಆ ಸೀಮೆಯ ಮನೆ ಹೇಗಿತ್ತೆಂದು ಒಂದೊಂದು ಮನೆ ತೋರಿಸುತ್ತದೆ. ಒಳಗಿನ ರಾಟೆ, ಮಡಕೆ, ಪೀಟ್ ಗುದ್ದಲಿ, ತೊಟ್ಟಿಲುಗಳೆಲ್ಲ ಮನೆಮನೆಗಳಿಂದ ಬಂದವು. ಅಟ್ಟದಲ್ಲಿ ಮೂಲೆಗೊತ್ತಿದ್ದ ಅಜ್ಜಿಯ ರಾಟೆಯನ್ನು ನೋಡಲು ಹೊರದೇಶದವರು ಟಿಕೆಟ್ಟು ಕೊಂಡು ಬಂದಾಗ, ತಮ್ಮದೆಂದು ನಾಚಿಕೊಳ್ಳುತ್ತಿದ್ದ ಬದುಕಿಗೆ ಬೆಲೆಯಿದೆಯೆಂದು ಊರಿಗೆ ಮೊದಲ ಸಲ ಅರಿವಾಯಿತು.

ಎಲ್ಲವೂ ಗೆದ್ದಿತೆಂದು ಹೇಳಿದರೆ ಅದು ಪ್ರಾಮಾಣಿಕತೆಯಾಗದು. ಚಿಕ್ಕಚಿಕ್ಕ ಹಿಡುವಳಿಗಳನ್ನು ಒಟ್ಟುಗೂಡಿಸಿ ಸಾಮೂಹಿಕ ಬೇಸಾಯ ಮಾಡಬೇಕೆಂಬ ಅವರ ದೊಡ್ಡ ಕನಸು ಕೈಗೂಡಲಿಲ್ಲ. ಜಮೀನ್ದಾರರಿಂದ ಬಹು ಕಷ್ಟದಿಂದ ಬಿಡಿಸಿಕೊಂಡ ಅಂಗೈಯಗಲದ ನೆಲವನ್ನು ಮತ್ತೆ ಸಮೂಹಕ್ಕೆ ಒಪ್ಪಿಸಲು ರೈತರ ಮನಸ್ಸು ಹಿಂಜರಿದರೆ ಆಶ್ಚರ್ಯವೇನು? ಪಾದ್ರಿಗಳನ್ನು ಸಮತಾವಾದಿಯೆಂದು ಹಳಿದವರೂ ಇದ್ದರು. ತರಕಾರಿಯ ಉದ್ಯಮವೂ ಕೊನೆಯವರೆಗೆ ಬಾಳಲಿಲ್ಲ. ಹೊರಡುವವರ ಸಾಲು ಕಿರಿದಾಯಿತೇ ಹೊರತು ನಿಲ್ಲಲಿಲ್ಲ. ೧೯೭೧ರಲ್ಲಿ ಮಾಗಣೆಯ ಮುಖ್ಯ ಪಾದ್ರಿಗಳಾದ ಮ್ಯಾಕ್‌ಡಯರ್ ೧೯೮೨ರಲ್ಲಿ ತಮ್ಮ ಆತ್ಮಕಥೆಯನ್ನು ಪ್ರಕಟಿಸಿ, ೧೯೮೭ರಲ್ಲಿ ತೀರಿಕೊಂಡರು. ಅವರು ಹುಟ್ಟುಹಾಕಿದ ಜಾನಪದ ಗ್ರಾಮ ಇಂದಿಗೂ ನಡೆಯುತ್ತಿದೆ.

ಭಾಷೆಯೇ ಜೀವನೋಪಾಯವಾದಾಗ

ಐರಿಷ್ ಮಾತಾಡುವ ಪ್ರದೇಶಗಳಿಗೆ ಗೇಲ್ಟಾಕ್ಟ್ ಎಂದು ಹೆಸರು. ಅವುಗಳ ಎಲ್ಲೆಯನ್ನು ಐರಿಷ್ ಸರಕಾರ ಆದೇಶದ ಮೂಲಕ ಗುರುತಿಸಿದ್ದು ೧೯೫೬ರಲ್ಲಿ. ಭಾಷೆಯ ಹೆಸರಿನಲ್ಲಿ ನಮ್ಮ ರಾಜ್ಯಗಳ ಗಡಿಗಳು ಮರುರಚನೆಯಾದುದೂ ಅದೇ ವರ್ಷ. ಗ್ಲೆನ್‌ಕೊಲಂಕಿಲ್ ಗೇಲ್ಟಾಕ್ಟ್ ಪ್ರದೇಶದೊಳಗಿದೆ. ಆದರೆ ನಕ್ಷೆಯಲ್ಲಿ ಗೆರೆ ಎಳೆದ ಮಾತ್ರಕ್ಕೆ ಭಾಷೆ ಉಳಿಯುವುದಿಲ್ಲವೆಂದು ಅಲ್ಲಿಯವರೂ ಬೇಗನೆ ಕಂಡುಕೊಂಡರು. ೧೯೭೨ರಲ್ಲಿ ಐರಿಷ್ ಭಾಷೆಯ ರೇಡಿಯೋ ಬಂತು, ೧೯೯೬ರಲ್ಲಿ ದೂರದರ್ಶನ ವಾಹಿನಿ ಬಂತು. ಮನೆಯೊಳಗೆ ಮಾತ್ರ ಇಂಗ್ಲಿಷ್ ಮುಂದೊತ್ತಿ ಬರುತ್ತಲೇ ಇತ್ತು.

೧೯೮೪ರಲ್ಲಿ ಈ ಊರಿನವರೇ ಆದ ಲಿಯಮ್ ಓ ಕುನ್ನೆಗಾನ್ ಮತ್ತು ವಿದ್ವಾಂಸ ಶೋಸಫ್ ವಾಟ್ಸನ್ ಸೇರಿ ‘ಇಡ್ಯಸ್ ಗೇಲ್’ ಎಂಬ ಸಂಸ್ಥೆಯನ್ನು ಇಲ್ಲಿ ಆರಂಭಿಸಿದರು. ವಯಸ್ಕರಿಗೆ ಐರಿಷ್ ಕಲಿಸುವುದು ಅದರ ಕೆಲಸ. ಬರಿಯ ವ್ಯಾಕರಣವಲ್ಲ, ಬೆಟ್ಟ ಹತ್ತುವುದು, ನೇಯ್ಗೆ, ಹಾಡು, ಕುಣಿತಗಳ ಜೊತೆಗೆ ಭಾಷೆ. ದೇಶದ ಅಧ್ಯಕ್ಷೆಯಾಗಿದ್ದ ಮೇರಿ ಮ್ಯಾಕ್‌ಅಲೀಸ್ ಅವರೂ ಇಲ್ಲಿ ಕಲಿತವರಲ್ಲಿ ಒಬ್ಬರು. ಬಂದವರು ಊರಿನ ಮನೆಗಳಲ್ಲಿ ಇಳಿದುಕೊಳ್ಳುತ್ತಾರೆ, ಊರಿನ ಅಂಗಡಿಯಲ್ಲಿ ಕೊಳ್ಳುತ್ತಾರೆ, ಊರವರ ಬಾಯಿಯ ಮಾತನ್ನು ಕೇಳಲು ಕಾದು ಕುಳಿತಿರುತ್ತಾರೆ. ಯಾವ ಭಾಷೆಯನ್ನು ಬಿಟ್ಟರೆ ಮಾತ್ರ ಅನ್ನವೆಂದು ಅಜ್ಜಂದಿರು ನಂಬಿದ್ದರೋ, ಅದೇ ಭಾಷೆ ಮೊಮ್ಮಕ್ಕಳಿಗೆ ಅನ್ನದ ಒಂದು ದಾರಿಯಾಯಿತು.

ಇದರಲ್ಲಿಯೂ ಒಂದು ಮುಳ್ಳಿದೆ. ಹೊರಗಿನಿಂದ ಬಂದವರು ಐರಿಷ್ ಕಲಿಯುತ್ತಿರುವ ಊರಿನಲ್ಲೇ ಮಕ್ಕಳು ಆಟದ ಬಯಲಿನಲ್ಲಿ ಇಂಗ್ಲಿಷ್ ಆಡುವುದುಂಟು. ಕಲಿತ ಭಾಷೆ ಒಂದು, ತೊಟ್ಟಿಲಿನಲ್ಲಿ ಬಂದ ಭಾಷೆ ಇನ್ನೊಂದು. ೨೦೧೨ರ ಕಾಯಿದೆಯ ಪ್ರಕಾರ ಗೇಲ್ಟಾಕ್ಟ್ ಪ್ರದೇಶದ ಜನರೇ ತಮ್ಮ ಭಾಷೆಯ ಉಳಿವಿಗೆ ಯೋಜನೆಯನ್ನು ರಚಿಸಿ ಒಪ್ಪಿಸಬೇಕು. ಸರಕಾರ ಹಣ ಕೊಡಬಹುದು. ತಾಯಿ ಮಗುವಿನೊಡನೆ ಯಾವ ಮಾತನ್ನಾಡಬೇಕೆಂಬುದನ್ನು ಕಾಯಿದೆ ಹೇಳಲಾರದು.

ಗ್ಲೆನ್‌ಕೊಲಂಕಿಲ್‌ನ ಚರಿತ್ರೆಯನ್ನು ಒಟ್ಟಾಗಿ ನೋಡಿದಾಗ ಒಂದು ಸಂಗತಿ ಸ್ಪಷ್ಟವಾಗುತ್ತದೆ. ಈ ಮಾಗಣೆಯನ್ನು ಯಾರೂ ಒಮ್ಮೆ ಉಳಿಸಿ ಕೈತೊಳೆದುಕೊಂಡದ್ದಲ್ಲ. ಬಾವಿಯ ಬಳಿ ಕಲ್ಲು ಹಾಕಿದವರು ಒಂದು ಕಾಲದಲ್ಲಿ, ಕತೆ ಬರೆದಿಟ್ಟ ಮೀನುಗಾರ ಇನ್ನೊಂದು ಕಾಲದಲ್ಲಿ, ಗಾರೆ ಹೊತ್ತವರು ಮತ್ತೊಂದು ಕಾಲದಲ್ಲಿ, ಪಾಠ ಹೇಳಿದವರು ಈಚೆಗೆ. ಪ್ರತಿ ತಲೆಮಾರೂ ತನ್ನ ಕೈಗೆಟಕಿದ ಒಂದು ಕೆಲಸವನ್ನು ಮಾಡಿತು. ಕೆಲವು ಫಲಿಸಿದುವು, ಕೆಲವು ಹುಸಿಯಾದುವು. ಊರು ಉಳಿದದ್ದು ಫಲಿಸಿದವುಗಳಿಂದ ಮಾತ್ರವಲ್ಲ, ಹುಸಿಯಾದ ಬಳಿಕವೂ ಇನ್ನೊಬ್ಬರು ಕೈಹಚ್ಚಿದುದರಿಂದ.

ಗಡಿಯಾಚೆಯ ಕನ್ನಡ ಮನೆಗಳಲ್ಲಿ ಇದನ್ನು ಓದುವವರು ಸಂಜೆ ಮನೆಮಂದಿಯೆಲ್ಲ ಕುಳಿತಾಗ ಒಂದು ಕೆಲಸ ಮಾಡಬಹುದು. ತಮ್ಮ ಊರಿನ ಗದ್ದೆ, ತೋಡು, ಗುಡ್ಡ, ಕಟ್ಟೆಗಳ ಹೆಸರುಗಳನ್ನು ಹಿರಿಯರಿಂದ ಕೇಳಿ ಮಕ್ಕಳ ಕೈಯಿಂದ ಒಂದು ಪುಸ್ತಕದಲ್ಲಿ ಬರೆಯಿಸಬಹುದು. ಓ’ಡೊನವನ್ ೧೮೩೫ರಲ್ಲಿ ಮಾಡಿದ್ದೂ ಇಷ್ಟೇ.